ಪ್ರಿಂಟರ್ ಶೇರಿಂಗ್‌ಗೆ ‘ಫೈರ್‌ವಾಲ್ ಲೈಸೆನ್ಸ್’ ಅಂತ ದುಡ್ಡು ಕೇಳಿದರೆ ಕೊಡಬೇಡಿ

ತುಮಕೂರಿನಲ್ಲಿ ಸಣ್ಣ ಆಫೀಸು, ಲಾಯರ್ ಚೇಂಬರ್, ಕ್ಲಿನಿಕ್, ಡಿಟಿಪಿ ಅಂಗಡಿ ಅಂತ ಏನಾದರೂ ನಡೆಸುತ್ತಿರುವವರು ದಯವಿಟ್ಟು ಪೂರ್ತಿ ಓದಿ. ‘ಫೈರ್‌ವಾಲ್ ಲೈಸೆನ್ಸ್ ಮುಗಿದಿದೆ, ಅದಕ್ಕೇ ಪ್ರಿಂಟರ್ ಶೇರ್ ಆಗ್ತಿಲ್ಲ’ ಅಂತ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ, ದುಡ್ಡು ಕೊಡಬೇಡಿ. ಫೈರ್‌ವಾಲ್ ಅಂದರೆ ಹೊರಗಿನವರು ನೆಟ್‌ವರ್ಕ್ ಮೂಲಕ ಕಂಪ್ಯೂಟರ್ ಒಳಗೆ ನುಗ್ಗದ ಹಾಗೆ ತಡೆಯುವ ಕಾವಲು. ವಿಂಡೋಸ್ ಜೊತೆಗೇ ಬರುವ ಫೈರ್‌ವಾಲ್‌ಗೆ ಬೇರೆ ಲೈಸೆನ್ಸೂ ಇಲ್ಲ, ವರ್ಷ ವರ್ಷ ರಿನ್ಯೂ ಮಾಡಿಸೋದೂ ಇಲ್ಲ. ನಾನು 6,300 ರೂಪಾಯಿ ಕೊಟ್ಟಿದ್ದೇನೆ. ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಕ್ಲೈಂಟ್ ಎದುರಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕು ಅಂತ ಗೊತ್ತಾಗದ ಹಾಗೆ ಆಯಿತಲ್ಲ, ಅದು ಇನ್ನೂ ಉರಿಯುತ್ತಿದೆ.

ನನ್ನದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸು. ನಾಲ್ಕು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್. ಪ್ರಿಂಟರ್ ಮುಂದಿನ ಟೇಬಲ್‌ನ ಕಂಪ್ಯೂಟರ್‌ಗೆ ಯುಎಸ್‌ಬಿ ಕೇಬಲ್‌ನಲ್ಲಿ ಹಾಕಿದ್ದೇವೆ, ಮಿಕ್ಕ ಮೂರರಿಂದ ಶೇರಿಂಗ್‌ನಲ್ಲಿ ಪ್ರಿಂಟ್ ಕೊಡುತ್ತೇವೆ. ಎಲ್ಲರ ಆಫೀಸಲ್ಲೂ ಹೀಗೇ ಅಲ್ವಾ. ವರ್ಷಗಟ್ಟಲೆ ಏನೂ ತೊಂದರೆ ಇರಲಿಲ್ಲ. ಇಂಟರ್‌ನೆಟ್ ಕಂಪನಿಯವರು ಬಂದು ಹಳೆ ರೂಟರ್ ತೆಗೆದು ಹೊಸದು ಹಾಕಿ ಹೋದರು, ಅವತ್ತಿನಿಂದ ಶುರುವಾಯಿತು. ಮೂರು ಕಂಪ್ಯೂಟರ್‌ನಲ್ಲೂ ಪ್ರಿಂಟರ್ ‘ಆಫ್‌ಲೈನ್’. ಮುಂದಿನ ಟೇಬಲ್‌ನಿಂದ ಮಾತ್ರ ಪ್ರಿಂಟ್ ಬರುತ್ತದೆ. ಹುಡುಗಿಯರು ಪೆನ್‌ಡ್ರೈವ್ ಹಿಡಿದುಕೊಂಡು ಟೇಬಲ್‌ನಿಂದ ಟೇಬಲ್‌ಗೆ ಓಡಾಡುತ್ತಿದ್ದಾರೆ. ಅದೂ 20ನೇ ತಾರೀಖು ಹತ್ತಿರ, ಜಿಎಸ್‌ಟಿಆರ್ 3ಬಿ ಅನ್ನುವ ತಿಂಗಳ ಜಿಎಸ್‌ಟಿ ರಿಟರ್ನ್ ಹಾಕುವ ಗಲಾಟೆ, ಜೊತೆಗೆ ಬ್ಯಾಂಕ್ ಲೋನ್‌ಗೆ ಪ್ರಾಜೆಕ್ಟ್ ರಿಪೋರ್ಟ್ ಬೇಕು ಅಂತ ಕೂತಿರುವ ಜನ.

ಯಾರೋ ಪರಿಚಯದವರು ನಂಬರ್ ಕೊಟ್ಟರು, ಬಿ.ಎಚ್. ರಸ್ತೆ ಕಡೆಯ ಸರ್ವೀಸ್ ಅಂಗಡಿ. ಹೆಸರು ಹಾಕುತ್ತಿಲ್ಲ. ದೂರು ಕೊಟ್ಟಿದ್ದೇನೆ, ಅದು ಒಂದು ದಡ ಮುಟ್ಟಲಿ.

ಬಂದವನು ರೂಟರ್ ನೋಡಲಿಲ್ಲ. ಕೇಬಲ್ ನೋಡಲಿಲ್ಲ. ಕಂಟ್ರೋಲ್ ಪ್ಯಾನೆಲ್ ತೆರೆದ, ತಲೆ ಅಲ್ಲಾಡಿಸಿದ. ‘ಮೇಡಂ, ಫೈರ್‌ವಾಲ್ ಬ್ಲಾಕ್ ಮಾಡ್ತಿದೆ. ಲೈಸೆನ್ಸ್ ಎಕ್ಸ್‌ಪೈರ್ ಆಗಿದೆ. ರಿನ್ಯೂ ಮಾಡಿದ್ರೆ ಮಾತ್ರ ಶೇರಿಂಗ್ ಬರೋದು.’ ಒಂದು ಸಿಸ್ಟಮ್‌ಗೆ 1,200, ನಾಲ್ಕಕ್ಕೆ 4,800, ಮೇಲೆ ಕಾನ್ಫಿಗರೇಶನ್‌ಗೆ 1,500. ನಾನು ಕೇಳಿದೆ, ಇಷ್ಟು ವರ್ಷ ನಾವು ಯಾವ ಲೈಸೆನ್ಸೂ ತಗೊಂಡೇ ಇಲ್ಲವಲ್ಲಪ್ಪ, ಇಲ್ಲದ್ದು ಮುಗಿಯೋದು ಹೇಗೆ ಅಂತ. ಅದಕ್ಕೆ ಅವನ ಉತ್ತರ ಕೇಳಿ. ‘ಅದು ಟೆಕ್ನಿಕಲ್ ಮೇಡಂ, ನಿಮಗೆ ಹೇಳಿದ್ರೂ ಅರ್ಥ ಆಗಲ್ಲ ಬಿಡಿ.’ ಜನರ ಟ್ಯಾಕ್ಸ್ ಲೆಕ್ಕ ನೋಡಿ ಹೊಟ್ಟೆ ಹೊರೆಯುವ ನನಗೆ ಅರ್ಥ ಆಗಲ್ಲವಂತೆ. ಹೊರಗೆ ಜನ ಕೂತಿದ್ದರು, ಮಾತು ಬೆಳೆಸಲಿಲ್ಲ.

ಬಾಗಿಲ ಕಡೆ ಬೆನ್ನು ಮಾಡಿಕೊಂಡು, ಪರದೆ ನಮಗೆ ಕಾಣದ ಹಾಗೆ ಕೂತು ಏನೇನೋ ಒತ್ತಿದ. ಪ್ರಿಂಟ್ ಬಂತು. ಬಂತು, ಸುಳ್ಳು ಹೇಳುವುದಿಲ್ಲ. ನಾಲ್ಕೂ ಕಂಪ್ಯೂಟರ್‌ನಿಂದ ಬಂತು. ‘ನೋಡಿ ಮೇಡಂ, ಫೈಲ್ ಕಳಿಸೋಕೂ ಅನುಕೂಲ ಆಗ್ಲಿ ಅಂತ ಅದನ್ನೂ ಫ್ರೀ ಮಾಡಿಕೊಟ್ಟಿದೀನಿ’ ಅಂದ. ಈ ‘ಫ್ರೀ’ ಏನು ಅಂತ ಆಮೇಲೆ ಗೊತ್ತಾಯಿತು. ಜಿಎಸ್‌ಟಿ ಬಿಲ್ ಕೊಡಪ್ಪ ಅಂದರೆ ‘ಬಿಲ್ ಬೇಕಾದ್ರೆ 18 ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ’ ಅಂದ. ಹೇಳಿದ್ದು ಯಾರಿಗೆ? ಜಿಎಸ್‌ಟಿ ಕೆಲಸ ಮಾಡುವ ಆಫೀಸಲ್ಲಿ ನಿಂತುಕೊಂಡು, ನನಗೆ! ಕೊನೆಗೆ ಒಂದು ಚೀಟಿಯಲ್ಲಿ ‘ಫೈರ್‌ವಾಲ್ ಲೈಸೆನ್ಸ್ ಮತ್ತು ನೆಟ್‌ವರ್ಕಿಂಗ್ 6,300’ ಅಂತ ಬರೆದು ಸೀಲ್ ಹಾಕಿ ಕೊಟ್ಟ. ಆ ಚೀಟಿಯನ್ನು ಜೋಪಾನವಾಗಿ ಇಟ್ಟಿದ್ದೇನೆ. ಹಣ ಹಾಕಿದ್ದು ಯುಪಿಐನಲ್ಲಿ, ಅದಕ್ಕೂ ಸಾಕ್ಷಿ ಇದೆ.

ಈಗ ನಿಜವಾದ ವಿಷಯ.

ನಮ್ಮ ಹಳೆ ಕ್ಲೈಂಟ್ ಒಬ್ಬರು ಅಡಿಕೆ ವ್ಯಾಪಾರದವರು. ಅವರ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ರೈಲಲ್ಲಿ ದಿನಾ ಓಡಾಡುವ ಹುಡುಗ. ಅಪ್ಪನ ಲೆಕ್ಕದ ವಿಷಯಕ್ಕೆ ಬಂದಿದ್ದ. ಬ್ಯಾಂಕ್ ಸ್ಟೇಟ್‌ಮೆಂಟ್ ಅವನ ಲ್ಯಾಪ್‌ಟಾಪಲ್ಲಿತ್ತು. ವೈಫೈ ಪಾಸ್‌ವರ್ಡ್ ಕೇಳಿದ, ನಾವು ಎಲ್ಲರಿಗೂ ಕೊಡುವ ಹಾಗೆ ಕೊಟ್ಟೆವು. ನಿಮ್ಮ ಪ್ರಿಂಟರ್ ಸಿಗುತ್ತಾ ನೋಡ್ತೀನಿ ಮೇಡಂ, ಇಲ್ಲಿಂದಲೇ ಪ್ರಿಂಟ್ ಕೊಟ್ಟುಬಿಡ್ತೀನಿ ಅಂದ. ನೆಟ್‌ವರ್ಕ್ ಅಂತ ಒತ್ತಿದ. ಸ್ವಲ್ಪ ಹೊತ್ತು ಸುಮ್ನೆ ಇದ್ದ. ಆಮೇಲೆ ಮೆಲ್ಲಗೆ, ‘ಮೇಡಂ, ಪ್ರಿಂಟರ್ ಒಂದೇ ಅಲ್ಲ, ನಿಮ್ಮ ಡಿ ಡ್ರೈವ್ ಪೂರ್ತಿ ಕಾಣ್ತಿದೆಯಲ್ಲ’ ಅಂದ. ನನಗೆ ಮೊದಲು ತಲೆಗೇ ಹೋಗಲಿಲ್ಲ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. ಸಾಲಾಗಿ ಫೋಲ್ಡರ್. ಕ್ಲೈಂಟ್‌ಗಳ ಹೆಸರು. ಪ್ಯಾನ್ ಕಾರ್ಡ್, ಆಧಾರ್ ಕಾಪಿ, ಬ್ಯಾಲೆನ್ಸ್ ಶೀಟ್, ಟ್ಯಾಲಿ ಡೇಟಾ, ಪೋರ್ಟಲ್ ಪಾಸ್‌ವರ್ಡ್ ಬರೆದಿಟ್ಟ ಎಕ್ಸೆಲ್. ಅವನ ಲ್ಯಾಪ್‌ಟಾಪಲ್ಲಿ. ಯಾವ ಪಾಸ್‌ವರ್ಡೂ ಕೇಳಿಲ್ಲ.

ಅದರಲ್ಲಿ ಅವನ ಅಪ್ಪನ ಮಂಡಿ ಪಕ್ಕದವರ ಹೆಸರಿನ ಫೋಲ್ಡರೂ ಇತ್ತು. ಅವರಿಗೂ ಇವರಿಗೂ ಮೊದಲಿನಿಂದ ಅಷ್ಟಕ್ಕಷ್ಟೇ. ಹುಡುಗ ಒಳ್ಳೆಯವನು, ತೆರೆಯಲಿಲ್ಲ. ‘ನಾನೇನೂ ನೋಡಿಲ್ಲ ಮೇಡಂ’ ಅಂದ. ಆದರೆ ಅವನು ಹಾಗೆ ಹೇಳಬೇಕಾಗಿ ಬಂತಲ್ಲ! ಪಕ್ಕದ ಕುರ್ಚಿಯಲ್ಲಿ ಬೇರೆ ಕ್ಲೈಂಟ್ ಒಬ್ಬರು ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನನಗೆ ಕೈಕಾಲು ತಣ್ಣಗಾಯಿತು. ‘ನಿಮ್ಮ ಲೆಕ್ಕ ನಮ್ಮ ಆಫೀಸಿನ ಗೋಡೆ ದಾಟಲ್ಲ’ ಅಂತ ಎಷ್ಟು ಜನಕ್ಕೆ ಹೇಳಿಲ್ಲ ನಾನು.

ಆಮೇಲೆ ಆ ಹುಡುಗನೇ ಒಂದೊಂದೇ ಕಂಪ್ಯೂಟರ್ ತೆರೆದು ತೋರಿಸಿದ. ನಾಲ್ಕರಲ್ಲೂ ಫೈರ್‌ವಾಲ್ ಪೂರ್ತಿ ಆಫ್. ಪ್ರೈವೇಟ್ (ನಮ್ಮದೇ ನೆಟ್‌ವರ್ಕ್‌ಗೆ), ಪಬ್ಲಿಕ್ (ಹೊರಗಿನ ನೆಟ್‌ವರ್ಕ್‌ಗೆ) ಎರಡೂ ಆಫ್. ಕೆಂಪು ಗುರುತು ಕಂಡರೆ ನಾವು ಕೇಳುತ್ತೇವೆ ಅಂತ ನೋಟಿಫಿಕೇಶನ್ನನ್ನೂ ಆಫ್ ಮಾಡಿದ್ದಾನೆ ಪುಣ್ಯಾತ್ಮ. ಶೇರಿಂಗ್‌ಗೆ ಪಾಸ್‌ವರ್ಡ್ ಕೇಳುವುದನ್ನೂ ತೆಗೆದಿದ್ದಾನೆ. ಡಿ ಡ್ರೈವ್‌ಗೆ ‘ಎವ್ರಿವನ್’, ಫುಲ್ ಕಂಟ್ರೋಲ್. ಅಂದರೆ ನಮ್ಮ ವೈಫೈಗೆ ಸೇರಿದ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಅಳಿಸಲೂಬಹುದು. ಎಸ್‌ಎಂಬಿ 1 ಅನ್ನುವ ಹಳೇ ಶೇರಿಂಗ್ ವ್ಯವಸ್ಥೆಯನ್ನು ಹುಡುಕಿ ಆನ್ ಮಾಡಿದ್ದಾನೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅಂತ ವೈರಸ್ ಬಂದು ಪ್ರಪಂಚದಲ್ಲೆಲ್ಲ ಆಸ್ಪತ್ರೆ, ಆಫೀಸುಗಳ ಕಂಪ್ಯೂಟರ್‌ಗೆ ಬೀಗ ಹಾಕಿ ದುಡ್ಡು ಕೇಳಿತ್ತಲ್ಲ, ಅದು ಹರಡಿದ್ದು ಇದೇ ಎಸ್‌ಎಂಬಿ 1ರ ತೂತಿನಿಂದ. ಅದೇ ವರ್ಷದಿಂದ ಮೈಕ್ರೋಸಾಫ್ಟ್‌ನವರೇ ಹೊಸ ವಿಂಡೋಸ್‌ನಲ್ಲಿ ಅದನ್ನು ಹಾಕಿ ಕೊಡುವುದನ್ನು ಬಿಡುತ್ತಾ ಬಂದಿದ್ದಾರೆ. ಇವನು ಮತ್ತೆ ಹಾಕಿದ್ದಾನೆ. ನಮ್ಮ ಪ್ರಿಂಟರ್‌ಗೆ ಅದು ಬೇಕಾಗಿಯೂ ಇರಲಿಲ್ಲ. ಇದರ ಮೇಲೆ, ದೂರದಿಂದ ನಮ್ಮ ಕಂಪ್ಯೂಟರ್ ಒಳಗೆ ಬರುವ ಒಂದು ಸಾಫ್ಟ್‌ವೇರ್ ಹಾಕಿ, ಅದಕ್ಕೆ ಅವನದೇ ಕಾಯಂ ಪಾಸ್‌ವರ್ಡ್ ಇಟ್ಟು ಹೋಗಿದ್ದಾನೆ. ನಮ್ಮನ್ನು ಕೇಳದೆ ಯಾವಾಗ ಬೇಕಾದರೂ ಒಳಗೆ ಬರಬಹುದು. ಬಾಗಿಲ ಚಿಲಕ ಸರಿ ಮಾಡಪ್ಪ ಅಂತ ಕರೆದರೆ ಬಾಗಿಲನ್ನೇ ಕಿತ್ತು ಹೊತ್ತುಕೊಂಡು ಹೋದ ಹಾಗಾಯಿತು.

ಲೈಸೆನ್ಸ್ ಎಲ್ಲಿ? ಎಲ್ಲೂ ಇಲ್ಲ. ಒಂದು ಕೀ ಇಲ್ಲ, ಒಂದು ಇಮೇಲ್ ಇಲ್ಲ, ಹೊಸದಾಗಿ ಹಾಕಿದ ಫೈರ್‌ವಾಲ್ ಸಾಫ್ಟ್‌ವೇರ್ ಅಂತ ಒಂದೂ ಇಲ್ಲ. ಇದ್ದ ಫೈರ್‌ವಾಲ್ ಆಫ್ ಮಾಡಿದ್ದಕ್ಕೆ ನಾನು 4,800 ಲೈಸೆನ್ಸ್ ದುಡ್ಡು ಕೊಟ್ಟಿದ್ದೇನೆ. ಮತ್ತೆ ಹೇಳುತ್ತೇನೆ, ಆಫ್ ಮಾಡಿದ್ದಕ್ಕೆ.

ಹಾಗಾದರೆ ಮೊದಲು ಪ್ರಿಂಟ್ ಬರದೆ ಇದ್ದಿದ್ದು ಯಾಕೆ? ಹೊಸ ರೂಟರ್ ಬಂದ ಕೂಡಲೇ ವಿಂಡೋಸ್ ಅದನ್ನು ಹೊಸ ನೆಟ್‌ವರ್ಕ್ ಅಂದುಕೊಂಡು ‘ಪಬ್ಲಿಕ್’ ಅಂತ ಹಾಕಿಕೊಂಡಿದೆ. ಪಬ್ಲಿಕ್ ಅಂದರೆ ಬಸ್ ಸ್ಟ್ಯಾಂಡ್, ಹೋಟೆಲ್ ವೈಫೈ ಇದ್ದ ಹಾಗೆ ಅಂತ ಲೆಕ್ಕ, ಯಾರನ್ನೂ ನಂಬುವುದಿಲ್ಲ, ಪ್ರಿಂಟರ್ ಶೇರಿಂಗನ್ನೂ ಬಿಡುವುದಿಲ್ಲ. ಫೈರ್‌ವಾಲ್ ಅದರ ಕೆಲಸ ಅದು ಸರಿಯಾಗಿಯೇ ಮಾಡಿದೆ. ಹುಡುಗ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್‌ಗೆ ಹೋಗಿ ‘ಪ್ರೈವೇಟ್’ ಮಾಡಿದ. ಫೈರ್‌ವಾಲ್ ಎರಡೂ ಆನ್ ಮಾಡಿದ. ಅದರಲ್ಲಿ ಅನುಮತಿ ಕೊಡುವ ಪಟ್ಟಿ ಬರುತ್ತದೆ, ಅಲ್ಲಿ ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಎದುರಿಗೆ ಪ್ರೈವೇಟ್ ಕಾಲಂನಲ್ಲಿ ಮಾತ್ರ ಟಿಕ್ ಇಟ್ಟ, ಪಬ್ಲಿಕ್ ಖಾಲಿ ಬಿಟ್ಟ. ಡಿ ಡ್ರೈವ್ ಶೇರಿಂಗ್ ತೆಗೆದ, ಪಾಸ್‌ವರ್ಡ್ ಕೇಳುವುದನ್ನು ವಾಪಸ್ ಹಾಕಿದ, ಪ್ರಿಂಟ್ ಕೊಡೋಕೆ ಅಂತ ಒಂದು ಬೇರೆ ಯೂಸರ್ ಮಾಡಿ ಮೂರೂ ಕಂಪ್ಯೂಟರ್‌ನಲ್ಲಿ ಒಂದು ಸಲ ಹಾಕಿಸಿದ. ಎಸ್‌ಎಂಬಿ 1 ತೆಗೆದು ರೀಸ್ಟಾರ್ಟ್ ಮಾಡಿದ. ಆ ದೂರದ ಸಾಫ್ಟ್‌ವೇರ್ ಕಿತ್ತು ಹಾಕಿದ.

ಆಮೇಲೆ ಒಳಗಿನ ಕಂಪ್ಯೂಟರ್‌ನಿಂದ ಪ್ರಿಂಟ್ ಕೊಟ್ಟೆ. ಬಂತು! ಫೈರ್‌ವಾಲ್ ಆನ್ ಇದೆ, ಪ್ರಿಂಟ್ ಬಂತು. ಅವನು ಎದೆ ತಟ್ಟಿ ಹೇಳಿದ್ದೇನು, ಲೈಸೆನ್ಸ್ ಇಲ್ಲದೆ ಶೇರಿಂಗ್ ಬರೋದೇ ಇಲ್ಲ ಅಂತ. ಪೇಪರ್ ಬಿಸಿಬಿಸಿಯಾಗಿ ಕೈಗೆ ಬಂದಾಗ ನನಗೆ ಬಂದ ಸಿಟ್ಟು ಯಾರಿಗೂ ಬೇಡ. ಹುಡುಗ ದುಡ್ಡು ಮುಟ್ಟಲಿಲ್ಲ. ಒಂದು ಕಾಫಿ ಕುಡಿದು ಹೋದ, ಅಷ್ಟೇ.

ಆ ಮನುಷ್ಯನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪ್ ಮಾಡಿದೆ. ಬಂದ ಉತ್ತರಗಳನ್ನು ಇದ್ದ ಹಾಗೆ ಹಾಕುತ್ತಿದ್ದೇನೆ, ನೀವೇ ನೋಡಿ.

‘ಪ್ರಿಂಟ್ ಬರ್ತಿದೆ ಅಲ್ವಾ ಮೇಡಂ, ಮತ್ತೇನು ಪ್ರಾಬ್ಲಮ್.’

ಫೈರ್‌ವಾಲ್ ಯಾಕೆ ಆಫ್ ಮಾಡಿದೆ ಅಂದರೆ, ‘ಎಲ್ಲಾ ಆಫೀಸಲ್ಲೂ ಹಂಗೇ ಮಾಡೋದು. ಯಾರೂ ಕೇಳಿಲ್ಲ, ನೀವೊಬ್ರೇ ಕೇಳ್ತಿರೋದು.’ ಇದನ್ನು ಓದಿ ನನಗೆ ಇನ್ನೂ ಭಯವಾಯಿತು. ಎಲ್ಲಾ ಆಫೀಸಲ್ಲೂ ಅಂದರೆ ತುಮಕೂರಿನಲ್ಲಿ ಇನ್ನೂ ಎಷ್ಟು ಜನರ ಕಾಗದ ಪತ್ರ ಹೀಗೆ ಬಯಲಲ್ಲಿ ಬಿದ್ದಿದೆಯೋ!

ಕ್ಲೈಂಟ್‌ಗಳ ಫೈಲ್ ಎಲ್ಲ ಹೊರಗಿನವರಿಗೆ ಕಾಣುತ್ತಿತ್ತಲ್ಲ ಅಂದೆ. ‘ನಿಮ್ಮ ವೈಫೈ ಪಾಸ್‌ವರ್ಡ್ ಯಾಕೆ ಎಲ್ರಿಗೂ ಕೊಡ್ತೀರಾ ಮೇಡಂ.’ ಈಗ ತಪ್ಪು ನನ್ನದಾಯಿತು!

ವೈರಸ್ ಬಂದಿದ್ದರೆ ಯಾರು ಜವಾಬ್ದಾರಿ ಅಂದೆ. ‘ಬಂದ್ರೆ ನಾವಿದೀವಲ್ಲ, ಫಾರ್ಮ್ಯಾಟ್ ಮಾಡಿಕೊಡ್ತೀವಿ.’ ಫಾರ್ಮ್ಯಾಟ್ ಮಾಡಿದರೆ ಡೇಟಾ ಎಲ್ಲಿಂದ ತರುತ್ತಾನೆ, ಅವರ ಮನೆಯಿಂದಲಾ?

ಲೈಸೆನ್ಸ್ ಕೀ ಕಳಿಸು, ಇಲ್ಲದಿದ್ದರೆ 4,800 ವಾಪಸ್ ಹಾಕು ಅಂದೆ. ಮೊದಲು ‘ಕಂಪನಿಯಿಂದ ಬರಬೇಕು’. ಯಾವ ಕಂಪನಿ? ಉತ್ತರ ಇಲ್ಲ. ಮಾರನೆಯ ದಿನ ‘ಅಮೌಂಟ್ ರಿಟರ್ನ್ ಮಾಡೋ ಸಿಸ್ಟಮ್ ನಮ್ಮಲ್ಲಿ ಇಲ್ಲ’. ಆಮೇಲೆ, ಇದು ಎಲ್ಲಕ್ಕಿಂತ ಚೆನ್ನಾಗಿದೆ, ‘ಬೇರೆಯವರ ಕೈಲಿ ಸೆಟ್ಟಿಂಗ್ ಚೇಂಜ್ ಮಾಡಿಸಿದೀರಾ, ಇನ್ಮೇಲೆ ವಾರಂಟಿ ಇಲ್ಲ. ಮತ್ತೆ ಬರಬೇಕಾದ್ರೆ ವಿಸಿಟಿಂಗ್ ಚಾರ್ಜ್ 500’. ಅವನಿಗೆ ಹೇಗೆ ಗೊತ್ತು ಸೆಟ್ಟಿಂಗ್ ಬದಲಾಗಿದೆ ಅಂತ? ನಾನು ಹೇಳಿರಲಿಲ್ಲ. ಆ ಸಾಫ್ಟ್‌ವೇರ್‌ನಿಂದ ಒಳಗೆ ಬರಲು ನೋಡಿ, ಆಗದೆ ಗೊತ್ತಾಗಿರಬೇಕು, ನನಗೆ ಹಾಗೇ ಅನ್ನಿಸುತ್ತದೆ. ಅದನ್ನು ಕೇಳಿದ್ದಕ್ಕೆ ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಈಗ ನಂಬರ್ ಬ್ಲಾಕ್ ಮಾಡಿದ್ದಾನೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹಾಕಿದ್ದೇನೆ, ಚೀಟಿ, ಯುಪಿಐ ರಸೀದಿ, ಈ ಮೆಸೇಜ್ ಎಲ್ಲ ಸೇರಿಸಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 6,300ಕ್ಕೆ ಇಷ್ಟೆಲ್ಲಾನಾ ಅಂತ ಮನೆಯಲ್ಲಿ ಕೇಳುತ್ತಾರೆ. ಹೌದು, ಇಷ್ಟೆಲ್ಲಾ. 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕವೂ ಇಲ್ಲ.

ನಿಮ್ಮಲ್ಲಿ ಪ್ರಿಂಟರ್ ಶೇರಿಂಗ್ ಕೆಟ್ಟರೆ ಯಾರನ್ನಾದರೂ ಕರೆಯುವ ಮುಂಚೆ ನೆಟ್‌ವರ್ಕ್ ಪಬ್ಲಿಕ್ ಇದೆಯಾ ಪ್ರೈವೇಟ್ ಇದೆಯಾ ನೋಡಿ, ಅದರಲ್ಲೂ ಪ್ರಿಂಟರ್ ಹಾಕಿರುವ ಕಂಪ್ಯೂಟರ್‌ನಲ್ಲಿ. ಪ್ರಿಂಟರ್‌ಗೆ ಲ್ಯಾನ್ ಕೇಬಲ್ ಹಾಕುವ ಜಾಗ ಇದ್ದರೆ ಇನ್ನೂ ಒಳ್ಳೆಯದು, ನೇರ ರೂಟರ್‌ಗೆ ಹಾಕಿ, ರೂಟರ್‌ನಲ್ಲಿ ಅದಕ್ಕೆ ಯಾವಾಗಲೂ ಒಂದೇ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಸಿಗುವ ಹಾಗೆ ಮಾಡಿಸಿ. ಆಗ ಈ ವಿಂಡೋಸ್ ಶೇರಿಂಗ್ ರಗಳೆಯೇ ಇಲ್ಲ, ಮುಂದಿನ ಕಂಪ್ಯೂಟರ್ ಆಫ್ ಇದ್ದರೂ ಪ್ರಿಂಟ್ ಬರುತ್ತದೆ. ನಮ್ಮ ಪ್ರಿಂಟರ್‌ನ ಹಿಂದೆ ಆ ಜಾಗ ಮೊದಲಿನಿಂದಲೂ ಇದೆಯಂತೆ. ಅವನು ಅತ್ತ ತಿರುಗಿಯೂ ನೋಡಲಿಲ್ಲ, ನೋಡಿದ್ದರೆ ಲೈಸೆನ್ಸ್ ಕಥೆ ಹೇಳೋಕೆ ಆಗುತ್ತಿರಲಿಲ್ಲವಲ್ಲ. ಬಂದು ಹೋಗುವವರಿಗೆ ರೂಟರ್‌ನಲ್ಲಿ ಗೆಸ್ಟ್ ವೈಫೈ ಬೇರೆ ಮಾಡಿ ಕೊಡಿ, ನಾವೂ ಈಗ ಹಾಗೇ ಮಾಡಿದ್ದೇವೆ. ರಿಪೇರಿಯವನು ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತುಕೊಳ್ಳಿ, ಅರ್ಥ ಆಗಲ್ಲ ಅಂದರೂ ನಿಂತುಕೊಳ್ಳಿ.

ಬಿ.ಎಚ್. ರಸ್ತೆ ಕಡೆಯಿಂದ ಯಾರಾದರೂ ನಿಮ್ಮ ಆಫೀಸಿಗೂ ಬಂದು ಹೀಗೇ ಚೀಟಿಯಲ್ಲಿ ‘ಫೈರ್‌ವಾಲ್ ಲೈಸೆನ್ಸ್’ ಅಂತ ಬರೆದು ಕೊಟ್ಟಿದ್ದರೆ ಇವತ್ತೇ ಫೈರ್‌ವಾಲ್ ಆನ್ ಇದೆಯಾ ನೋಡಿಕೊಳ್ಳಿ, ರೂಟರ್ ಪಾಸ್‌ವರ್ಡ್ ಬದಲಾಯಿಸಿ, ಆ ಚೀಟಿಯ ಫೋಟೋ ನನಗೆ ಕಳಿಸಿ. ದೂರಿನ ಜೊತೆ ಸೇರಿಸುತ್ತೇನೆ.