ದುಬಾರಿ ಫ್ರಿಜ್: ಮುಂಭಾಗಕ್ಕೆ ಮರುಳಾಗುವ ಮುಂಚೆ

ಬಾಗಿಲಿನಿಂದಲೇ ಐಸ್ ಉದುರಿಸುವ ಜೋಡಿ ಬಾಗಿಲಿನ ಫ್ರಿಜ್ ಮೆಚ್ಚಿದವರು ಮೊದಲು ಆ ಐಸ್ ಪೆಟ್ಟಿಗೆಯನ್ನೇ ಅನುಮಾನಿಸಬೇಕು. ಅನೇಕ ಮಾದರಿಗಳಲ್ಲಿ ಅದಿರುವುದು ಕೆಳಗಿನ ಫ್ರೀಜರ್‌ನಲ್ಲಲ್ಲ, ಮೇಲಿನ ಫ್ರಿಜ್ ಭಾಗದಲ್ಲಿ. ಸುತ್ತ 3-4 ಡಿಗ್ರಿ, ಪೆಟ್ಟಿಗೆಯೊಳಗೆ ಮಾತ್ರ ಸೊನ್ನೆಗಿಂತ ಕೆಳಗೆ. ಸೀಲ್ ಸ್ವಲ್ಪ ಸಡಿಲವಾದರೂ ಸಾಕು, ತೇವದ ಗಾಳಿ ನುಗ್ಗಿ ಹಿಮ ಕಟ್ಟುತ್ತದೆ. ತುಂಡುಗಳೆಲ್ಲ ಅಂಟಿ ಗಡ್ಡೆಯಾಗುತ್ತವೆ, ಐಸ್ ತಳ್ಳುವ ಸುರುಳಿ ಸಿಕ್ಕಿಕೊಂಡು ಮೋಟಾರ್ ತಿಣುಕುತ್ತದೆ. ಟೆಕ್ನೀಷಿಯನ್ ಬಂದು ಕರಗಿಸಿ ಹೋದರೆ ಕೆಲವು ವಾರ ನೆಮ್ಮದಿ, ಆಮೇಲೆ ಮತ್ತದೇ ಕಥೆ. ಗಾಳಿ ನುಗ್ಗುವ ದಾರಿಯನ್ನು ಯಾರೂ ಮುಚ್ಚಿರುವುದಿಲ್ಲವಲ್ಲ. ತಾಳ್ಮೆಗೆಟ್ಟು ಚಾಕುವಿನಲ್ಲಿ ಕೆದಕಲು ಹೋಗಬೇಡಿ: ಒಳಗಿನ ತೆಳು ಕೊಳವೆ ತೂತಾದರೆ ತಂಪು ಮಾಡುವ ಗ್ಯಾಸ್ ಪೂರ್ತಿ ಹೋಗುತ್ತದೆ. ಸಾಲದ್ದಕ್ಕೆ, ಈಗ ಅನೇಕ ಫ್ರಿಜ್‌ಗಳಲ್ಲಿರುವ ಆರ್-600ಎ ಎಂಬ ಗ್ಯಾಸ್ ಬೆಂಕಿ ಹೊತ್ತಿಕೊಳ್ಳುವಂಥದ್ದು.

ಫ್ರಿಜ್ಜನ್ನು ಅಡುಗೆಮನೆಯ ಕಪಾಟಿನ ಸಾಲಿಗೆ ಸಮನಾಗಿ ಕೂರಿಸುವ ಆಸೆ ಇನ್ನೊಂದು ಬಲೆ. ಗೂಡಿನೊಳಗೆ ಕೂರಲೆಂದೇ ಮಾಡಿದ ಮಾದರಿ ಬಿಸಿಗಾಳಿಯನ್ನು ಸಾಮಾನ್ಯವಾಗಿ ತಳದಿಂದಲೋ ಮೇಲಿನಿಂದಲೋ ಹೊರಬಿಡುತ್ತದೆ. ಬಿಡಿಯಾಗಿ ನಿಲ್ಲುವ ಫ್ರಿಜ್‌ಗೆ ಹಿಂದೆ, ಪಕ್ಕ, ಮೇಲೆ ಜಾಗ ಬೇಕು, ಎಷ್ಟೆಂಬುದು ಕೈಪಿಡಿಯಲ್ಲಿರುತ್ತದೆ. ಅದನ್ನು ಮರದ ಗೂಡಿಗೆ ತುರುಕಿದರೆ ಒಳಗಿನ ಬಿಸಿಯನ್ನು ಹೊರಗೆ ಬಿಡುವ ಕೊಳವೆಯ, ಅಂದರೆ ಕಂಡೆನ್ಸರ್‌ನ, ಶಾಖ ಹೊರಹೋಗದೆ ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ. ಹಿಂಬದಿ ನುಣುಪಾಗಿ ಕಂಡರೆ, ಕಂಡೆನ್ಸರ್ ಕೊಳವೆ ಫ್ರಿಜ್‌ನ ಗೋಡೆಯ ಫೋಮ್‌ನೊಳಗೆ ಹುದುಗಿದೆಯೇ ಎಂದು ಕೇಳಿ. ಧೂಳು ಹಿಡಿಯುವುದಿಲ್ಲ, ಒಪ್ಪೋಣ. ಆದರೆ ಅಲ್ಲಿ ಸೋರಿಕೆಯಾದರೆ ಕೈಹಾಕಲು ದಾರಿಯಿಲ್ಲ. ಇಡೀ ಫ್ರಿಜ್ಜೇ ಗುಜರಿಗೆ ಹೋಗುವುದುಂಟು.

‘10 ವರ್ಷ ವಾರಂಟಿ’ ಎಂಬ ಸ್ಟಿಕ್ಕರ್ ನೋಡಿ ನಿರಾಳವಾಗಬೇಡಿ. ಸಾಮಾನ್ಯವಾಗಿ ಅದು ಕಂಪ್ರೆಸರ್ ಎಂಬ ಬಿಡಿಭಾಗಕ್ಕೆ ಮಾತ್ರ. ಗ್ಯಾಸ್, ವೆಲ್ಡಿಂಗ್, ಗ್ಯಾಸ್ ಸೋಸುವ ಫಿಲ್ಟರ್, ಕೂಲಿ ನಿಮ್ಮ ತಲೆಗೇ ಬರಬಹುದು. ಬೇಕಾದಂತೆ ವೇಗ ಬದಲಿಸಿಕೊಳ್ಳುವ ಇನ್ವರ್ಟರ್ ಕಂಪ್ರೆಸರ್ ಸರಿಯಿದ್ದರೂ ಅದನ್ನು ನಡೆಸುವ ಬೋರ್ಡ್ ಸುಟ್ಟರೆ ಫ್ರಿಜ್ ನಿಂತಂತೆಯೇ, ಆ ಬೋರ್ಡ್ ಹಲವು ಸಲ ಒಂದೆರಡು ವರ್ಷದ ಮೂಲ ವಾರಂಟಿಯಲ್ಲಷ್ಟೇ ಇರುತ್ತದೆ. ಯಾವ ಭಾಗಕ್ಕೆ ಎಷ್ಟು ವರ್ಷ, ಕೂಲಿ ಸೇರಿದೆಯೇ, ಬಿಡಿಭಾಗ ಎಷ್ಟು ಕಾಲ ಸಿಗುತ್ತದೆ, ಎಲ್ಲವನ್ನೂ ಬರಹದಲ್ಲಿ ಪಡೆಯಿರಿ. ಬಾಗಿಲಲ್ಲಿ ದೊಡ್ಡ ಟಚ್ ಪರದೆ ಇದ್ದರೆ, ಅದು ಕೆಟ್ಟಾಗಲೂ ತಂಪು ಹೊಂದಿಸಲು ಬೇರೆ ಗುಂಡಿಗಳಿವೆಯೇ ನೋಡಿ. ಇಲ್ಲದಿದ್ದರೆ ನನ್ನ ಮಟ್ಟಿಗೆ ಅದು ಕೊಳ್ಳುವ ಫ್ರಿಜ್ ಅಲ್ಲ.

ಜೋಡಿ ಬಾಗಿಲಿನ ನಡುವೆ ಮಡಚಿಕೊಳ್ಳುವ ಪಟ್ಟಿಯೊಂದಿರುತ್ತದೆ, ಬೆವರದಿರಲು ಅದರೊಳಗೆ ಹೀಟರ್. ಅಂಗಡಿಯಲ್ಲೇ ಬಾಗಿಲನ್ನು ಹತ್ತಿಪ್ಪತ್ತು ಸಲ ತೆರೆದು ಮುಚ್ಚಿ; ಪಟ್ಟಿ ತಡವರಿಸಿದರೆ ಬೇರೆ ಮಾದರಿ ನೋಡಿ. ಬಾಗಿಲಿನ ರಬ್ಬರ್ ಅದು ಕೂರುವ ಸಂದಿನಿಂದ ಕೈಯಲ್ಲೇ ಎಳೆದು ತೆಗೆಯುವಂತಿದ್ದರೆ ಒಳ್ಳೆಯದು, ಮುಂದೆ ಬದಲಿಸುವುದು ಸುಲಭ.

ಮನೆಗೆ ಬಂದ ಮೇಲೆ ಮಟ್ಟ ನೋಡಿ ಕೂರಿಸಿ, ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಸುತ್ತಲೂ ಎಳೆದು ನೋಡಿ. ಸಲೀಸಾಗಿ ಜಾರಿದ ಕಡೆ ರಬ್ಬರ್ ಕೂತಿಲ್ಲ. ಪರದೆಯ ಅಂಕಿ ನಂಬದೆ, ಮೇಲಿನ ಭಾಗದೊಳಗೆ ಲೋಟದ ನೀರಿನಲ್ಲಿ ಒಂದು ಥರ್ಮಾಮೀಟರ್, ಫ್ರೀಜರ್ ಪೊಟ್ಟಣಗಳ ನಡುವೆ ಇನ್ನೊಂದು ಇಡಿ. ಒಂದು ದಿನದ ನಂತರ ಮೇಲೆ 4 ಡಿಗ್ರಿ ಮೀರಬಾರದು, ಕೆಳಗೆ ಮೈನಸ್ 18ರ ಆಸುಪಾಸು ಇರಬೇಕು. ಇದೆಲ್ಲ ವಾಪಸ್ ಕೊಡುವ ಗಡುವಿನೊಳಗೇ ಆಗಲಿ.