"ಒಂದು ಮೈಲಿ ಸಲೀಸು" ಅಂತ .300 ವಿನ್ ಮ್ಯಾಗ್ ಮಾರ್ತಾರೆ, ಹುಷಾರು!

ಟೆಕ್ಸಾಸ್ ಕಡೆ ಇರುವ ನಮ್ಮವರು, ಗ್ರೀನ್ ಕಾರ್ಡ್ ಬಂದ ಮೇಲೆ ಲಾಂಗ್ ರೇಂಜ್ ಶೂಟಿಂಗ್ ಹುಚ್ಚು ಹತ್ತಿಸಿಕೊಂಡವರು, ಇದನ್ನು ಓದಿ ಆಮೇಲೆ ಅಂಗಡಿಗೆ ಹೋಗಿ.

ನಾನು ಕೇಳಿದ್ದರಲ್ಲಿ ಗೊಂದಲವೇ ಇರಲಿಲ್ಲ. ಬೇಟೆಗಲ್ಲ, ಬರೀ ಉಕ್ಕಿನ ತಟ್ಟೆಗೆ ಹೊಡೆಯಲು. ದೂರ ಒಂದು ಮೈಲಿ, ಅಂದರೆ 1,760 ಗಜ. ಯಾವ ಕಾರ್ಟ್ರಿಜ್ (ತೋಟಾ) ತಗೊಳ್ಳಲಿ? ಕೌಂಟರಿನವನು ಯೋಚನೆಯೇ ಮಾಡಲಿಲ್ಲ. ".300 ವಿನ್ ಮ್ಯಾಗ್. ಮೈಲಿ ಸಲೀಸು. ಅದಕ್ಕಿಂತ ದೊಡ್ಡ .338 ಲಪೂವಾ ಸುಮ್ನೆ ದುಡ್ಡು ದಂಡ." ರೈಫಲ್, ಸ್ಕೋಪ್, 180 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿನ ಪೆಟ್ಟಿಗೆಗಳು, ಎಲ್ಲಾ ಸೇರಿಸಿ "ಒನ್ ಮೈಲ್ ಕಾಂಬೋ". ಸ್ಕೋಪನ್ನೂ ಅವನೇ ಕೂರಿಸಿಕೊಟ್ಟ.

1,000 ಗಜದವರೆಗೆ ಚೆನ್ನಾಗೇ ಇತ್ತು. ಮೈಲಿಗೆ ಅಂತ ಟರೆಟ್, ಅಂದರೆ ಸ್ಕೋಪಿನ ಗುರಿ ಏರಿಸುವ ತಿರುಪು, ತಿರುಗಿಸಿದೆ. ಇನ್ನೂ ತಿರುಗಿಸಿದೆ. ಟಕ್ ಅಂತ ನಿಂತಿತು! ಬೇಕಾಗಿದ್ದರ ಅರ್ಧಕ್ಕೂ ಬಂದಿರಲಿಲ್ಲ. ಸುತ್ತ ಅಷ್ಟು ಜನ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿ ಹೊಡೆದು ಉರುಳಿಸಿದವನು ನಾನು, ಅವತ್ತು ತಲೆ ಎತ್ತಲು ಆಗಲಿಲ್ಲ.

ಪಕ್ಕದಲ್ಲಿ .375 ಷೈಟ್ಯಾಕ್ ಅನ್ನುವ ಇನ್ನೂ ದೊಡ್ಡ ತೋಟಾದ ರೈಫಲ್ ಇಟ್ಟುಕೊಂಡಿದ್ದ ಅಜ್ಜ ಬಗ್ಗಿ ನೋಡಿದ. ಸ್ಕೋಪಿನ ಕೆಳಗಿನ ಬೇಸ್ ಚಪ್ಪಟೆ. ಕನಿಷ್ಠ 20 ಎಂಓಎ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಒಂದು ಎಂಓಎ) ಇಳಿಜಾರಿನದ್ದಾದರೂ ಇರಬೇಕಿತ್ತು, ಆಗ ಟರೆಟ್‌ಗೆ ಮೇಲಕ್ಕೆ ಇನ್ನಷ್ಟು ಜಾಗ ಸಿಗುತ್ತಿತ್ತು ಅಂದ. ಆಮೇಲೆ ಗುಂಡಿನ ಪೆಟ್ಟಿಗೆ ನೋಡಿ ನಕ್ಕುಬಿಟ್ಟ. ಅದು ಜಿಂಕೆ ಬೇಟೆಯ ಗುಂಡಂತೆ! ನಮ್ಮಂಥ ತಗ್ಗು ಪ್ರದೇಶದಲ್ಲಿ 1,300-1,400 ಗಜದ ಹೊತ್ತಿಗೆ ಅದರ ಓಟ ಸೆಕೆಂಡಿಗೆ ಸುಮಾರು 1,125 ಅಡಿಗೆ, ಅಂದರೆ ಶಬ್ದದ ವೇಗಕ್ಕೆ ಇಳಿಯುತ್ತೆ. ಅದರ ಆಸುಪಾಸಿನಲ್ಲೇ ಗುಂಡು ಓಲಾಡಲು ಶುರು. ಅಮೆರಿಕದ ಸೇನೆಯವರು ಇದೇ ಕಾರ್ಟ್ರಿಜ್‌ಗೆ 220 ಗ್ರೇನ್ ಗುಂಡು ಹಾಕಿಯೂ ಲೆಕ್ಕ ಹಿಡಿಯುವುದು 1,500 ಗಜದವರೆಗೆ. ನ್ಯೂ ಮೆಕ್ಸಿಕೋದ ರಟೋನ್‌ನ ಎರಡು ಮೈಲಿ ಸ್ಪರ್ಧೆಯಲ್ಲಿ .375, .416 ಗಳದ್ದೇ ದರ್ಬಾರು ಯಾಕೆ ಅಂತ ಆಗ ಅರ್ಥವಾಯಿತು. ಭಾರದ ಗುಂಡು ವೇಗ ಉಳಿಸಿಕೊಳ್ಳುತ್ತೆ, ತಪ್ಪಿ ಬಿದ್ದರೂ ಏಳುವ ಧೂಳು ಕಾಣುತ್ತೆ. ನನ್ನದು ಎಲ್ಲಿ ಬಿತ್ತೋ ದೇವರಿಗೇ ಗೊತ್ತು.

ಈಗ ಅಂಗಡಿಯವನ ಮಾತು ಕೇಳಿ. "ಗುಂಡು ಮೈಲಿ ಹೋಗುತ್ತೆ ಅಲ್ವಾ? ಹೊಡೆಯುತ್ತೆ ಅಂತ ನಾನು ಎಲ್ಲಿ ಹೇಳಿದೆ?" ಹೋಗುತ್ತೆ ಮಾರಾಯ, ಎರಡು ಮೈಲಿ ಆಚೆಗೂ ಹೋಗಿ ಬೀಳುತ್ತೆ! ನಾನು ಕೇಳಿದ್ದು ತಟ್ಟೆಗೆ ತಾಗಿಸುವುದಕ್ಕೆ. ಬೇಸ್ ಬಗ್ಗೆ ಕೇಳಿದರೆ, "ನೀವು ಹೇಳಲಿಲ್ಲ." ಕಾಂಬೋ ಹೆಸರೇ ಒನ್ ಮೈಲ್, ನಾನು ಇನ್ನೇನು ಹೇಳಬೇಕಿತ್ತು? ವಾಪಸ್ ತಗೊಳ್ಳಿ ಅಂದೆ. ಬಂದೂಕು ಖರೀದಿಯ ಸರ್ಕಾರಿ ಫಾರ್ಮ್ 4473 ತುಂಬಿ ಮನೆಗೆ ಒಯ್ದ ಬಂದೂಕು ಸೆಕೆಂಡ್ ಹ್ಯಾಂಡ್, ಅರ್ಧ ಬೆಲೆ ಕೊಡ್ತೀನಿ ಅಂದ. ಅದರ ಹಿಂದೆಯೇ, ನಾಚಿಕೆ ಇಲ್ಲದೆ, "ಮೈಲಿಗೆ .338 ಲಪೂವಾ ತಗೊಳ್ಳಿ, ಸ್ಟಾಕ್ ಇದೆ." ಅದೇ .338! ದುಡ್ಡು ದಂಡ ಅಂದಿದ್ದನಲ್ಲ, ಅದೇ!

ಇಂಥ ಅಂಗಡಿಯವರು ಮೂತಿಯ ವೇಗ, ಅಂದರೆ ಗುಂಡು ನಳಿಗೆಯಿಂದ ಹೊರಬೀಳುವಾಗಿನ ವೇಗ, ಹೇಳಿ ಮರುಳು ಮಾಡ್ತಾರೆ. ಅದನ್ನು ಕೇಳಲೇಬೇಡಿ. ಈ ಪೆಟ್ಟಿಗೆಯ ಗುಂಡು ನಮ್ಮೂರಿನಲ್ಲಿ ಎಷ್ಟು ಗಜಕ್ಕೆ ಶಬ್ದದ ವೇಗಕ್ಕೆ ಇಳಿಯುತ್ತೆ, ಬರೆದು ಕೊಡು ಅನ್ನಿ. ತಡವರಿಸಿದರೆ ಹೊರಗೆ ಬನ್ನಿ. .338 ಕಾರ್ಖಾನೆ ಗುಂಡು ತುಂಬಾ ದುಬಾರಿ ಅನ್ನುವುದನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಆ "ಒನ್ ಮೈಲ್ ಕಾಂಬೋ" ಬೋರ್ಡ್ ಇನ್ನೂ ತೆಗೆದಿಲ್ಲ. ಈ ವಾರವೂ ನೋಡಿದೆ, ಡಿಸ್ಕೌಂಟ್ ಬೇರೆ ಹಾಕಿದ್ದಾನೆ.