ಸೋಮವಾರ ರಾತ್ರಿ, ವಿಲೇಜ್ ವ್ಯಾನ್‌ಗಾರ್ಡ್‌ನಲ್ಲಿ

ನ್ಯೂಯಾರ್ಕಿನ ಗ್ರೆನಿಚ್ ವಿಲೇಜ್ ಬಡಾವಣೆಯ ಸೆವೆಂತ್ ಅವೆನ್ಯೂ ಸೌತ್‌ನಲ್ಲಿ, 178ನೆಯ ನಂಬರಿನ ಕಟ್ಟಡದ ಮುಂದೆ ಕೆಂಪು ನಿಯಾನ್ ಫಲಕ ಉರಿಯುತ್ತಿರದಿದ್ದರೆ ಇಲ್ಲೊಂದು ಜಾಝ್ ಕ್ಲಬ್ ಇದೆಯೆಂದು ದಾರಿಹೋಕರಿಗೆ ತಿಳಿಯುವುದೇ ಕಷ್ಟ. ಬಾಗಿಲು ದಾಟಿದೊಡನೆ ಇಕ್ಕಟ್ಟಾದ ಮೆಟ್ಟಿಲುಗಳು ನೇರವಾಗಿ ನೆಲಮಾಳಿಗೆಗೆ ಇಳಿಯುತ್ತವೆ. ಮೊಣಕಾಲು ನೋವಿರುವವರು ಇದನ್ನು ಮೊದಲೇ ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮ್ಯಾಕ್ಸ್ ಗಾರ್ಡನ್ 1935ರಲ್ಲಿ ಇಲ್ಲಿ ಕ್ಲಬ್ ಆರಂಭಿಸಿದಾಗ ಕವಿತಾ ವಾಚನ, ಹಾಸ್ಯ, ಜನಪದ ಹಾಡುಗಳೂ ನಡೆಯುತ್ತಿದ್ದವು. 1957ರಿಂದೀಚೆಗೆ ಇದು ಪೂರ್ಣವಾಗಿ ಜಾಝ್‌ನ ಮನೆಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಸ್ಯಾಕ್ಸೋಫೋನ್ ವಾದಕ ಸಾನಿ ರಾಲಿನ್ಸ್ ಇಲ್ಲಿಯೇ ಧ್ವನಿಮುದ್ರಣ ಮಾಡಿದರು. 1961ರ ಜೂನ್ 25ರಂದು ಪಿಯಾನೋ ವಾದಕ ಬಿಲ್ ಇವಾನ್ಸ್ ಅವರ ಮೂವರ ತಂಡ ಇಲ್ಲಿ ನುಡಿಸಿದ್ದರ ಧ್ವನಿಮುದ್ರಣವನ್ನು ನಾನು ವರ್ಷಗಳಿಂದ ಕೇಳುತ್ತಿದ್ದೇನೆ. ಅದರಲ್ಲಿ ಗಾಜಿನ ಲೋಟಗಳ ಕಿಣಿಕಿಣಿ, ಯಾರದೋ ಪಿಸುಮಾತು ಸ್ಪಷ್ಟವಾಗಿ ಕೇಳುತ್ತವೆ. ಆ ತಂಡದ ಬಾಸ್ ವಾದಕ ಸ್ಕಾಟ್ ಲಫಾರೋ ಹನ್ನೊಂದು ದಿನಗಳ ನಂತರ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಲೋಟಗಳ ಸದ್ದು ಎಷ್ಟು ಹತ್ತಿರದ್ದೆಂಬುದು ಕೋಣೆಯನ್ನು ನೋಡಿದ ಮೇಲೆಯೇ ನನಗೆ ಅರ್ಥವಾದದ್ದು.

ಕೋಣೆಯ ಆಕಾರ ತ್ರಿಕೋನ. ಬಾರ್ ಇರುವ ಹಿಂಬದಿ ಅಗಲವಾಗಿದ್ದು, ವೇದಿಕೆಯ ಕಡೆಗೆ ಗೋಡೆಗಳು ಕಿರಿದಾಗುತ್ತ ಹೋಗುತ್ತವೆ; ಒಟ್ಟು 123 ಜನರಿಗೆ ಮಾತ್ರ ಜಾಗ. ಮೇಜುಗಳು ಅಂಗೈಯಗಲ, ಪಕ್ಕದವರ ಭುಜ ತಾಗದಂತೆ ಕುಳಿತುಕೊಳ್ಳುವುದು ಅಸಾಧ್ಯ. ಆದರೆ ನಾದದ ವಿಷಯದಲ್ಲಿ ಈ ಇಕ್ಕಟ್ಟೇ ವರ: ದೊಡ್ಡ ಸಭಾಂಗಣದಲ್ಲಿ ಕರಗಿಹೋಗುವ ಡ್ರಮ್ಮಿನ ಬ್ರಷ್ ಸವರಿದ ಸದ್ದು ಇಲ್ಲಿ ಕೊನೆಯ ಸಾಲಿಗೂ ತಲುಪುತ್ತದೆ.

ನಾನು ಹೋದದ್ದು ಸೋಮವಾರ. 1966ರ ಫೆಬ್ರವರಿಯಲ್ಲಿ ಟ್ರಂಪೆಟ್ ವಾದಕ ಥ್ಯಾಡ್ ಜೋನ್ಸ್ ಮತ್ತು ಡ್ರಮ್ ವಾದಕ ಮೆಲ್ ಲೂಯಿಸ್ ಆರಂಭಿಸಿದ ವೃಂದವೇ ಇಂದು ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ ಎಂಬ ಹೆಸರಿನಲ್ಲಿ ಸೋಮವಾರಗಳಂದು ನುಡಿಸುತ್ತದೆ. ನಾಲ್ವರು ಕೂರಬಹುದಾದಂಥ ವೇದಿಕೆಯಲ್ಲಿ ಹದಿನಾರು ವಾದಕರು ಹೇಗೆ ಹಿಡಿಸಿದರೋ, ಕಣ್ಣಾರೆ ಕಂಡರೂ ನಂಬುವುದು ಕಷ್ಟ. ಟ್ರೊಂಬೋನಿನ ಉದ್ದನೆಯ ಕೊಳವೆ ಮುಂದೆ ಚಾಚಿದಾಗಲೆಲ್ಲ ಮುಂದಿನವರ ಬೆನ್ನಿಗೆ ತಾಗಿಯೇಬಿಟ್ಟಿತು ಎನಿಸುತ್ತಿತ್ತು, ತಾಗಲಿಲ್ಲ. ಹಿತ್ತಾಳೆ ವಾದ್ಯಗಳೆಲ್ಲ ಒಮ್ಮೆಗೇ ಏರಿದಾಗ ಮೇಜಿನ ಮೇಲಿದ್ದ ನನ್ನ ಲೋಟದ ನೀರಿನಲ್ಲಿ ಸಣ್ಣ ಉಂಗುರಗಳು ಎದ್ದವು. ನನ್ನ ಕಿವಿಗೆ ಜೋರೆನಿಸಿದ್ದು ನಿಜ. ಮೃದುವಾದ ವಾದನವನ್ನು ಬಯಸುವವರು ಬೇರೆ ವಾರದಲ್ಲಿ ಮೂವರ ಅಥವಾ ನಾಲ್ವರ ತಂಡವಿದ್ದಾಗ ಬರಲಿ.

ಇಲ್ಲಿ ಊಟ ಸಿಗುವುದಿಲ್ಲ, ಪಾನೀಯ ಮಾತ್ರ. ಅಡುಗೆಮನೆಯೆಂಬುದು ವಾದಕರು ವಿರಾಮದಲ್ಲಿ ಕೂರುವ ಕೋಣೆ. ವಾದನದ ನಡುವೆ ಮಾತಾಡಬಾರದು, ಚಿತ್ರ ತೆಗೆಯಬಾರದು. ಈ ನಿಯಮ ಕೆಲವರಿಗೆ ಬಿಗಿಯೆನಿಸಬಹುದು. ನನಗಂತೂ ಟಿಕೆಟ್ಟಿನ ಹಣ ಸಾರ್ಥಕವಾದದ್ದು ಅದರಿಂದಲೇ. ಸಂಜೆ ಎಂಟಕ್ಕೊಂದು, ಹತ್ತಕ್ಕೊಂದು ಸೆಟ್ (ಒಂದು ಸುತ್ತಿನ ವಾದನ) ಇದ್ದು, ಪ್ರತಿಯೊಂದಕ್ಕೂ ಬೇರೆ ಟಿಕೆಟ್ ಕೊಳ್ಳಬೇಕು. ಮೊದಲು ಬಂದವರಿಗೆ ಮುಂದಿನ ಜಾಗವಾದ್ದರಿಂದ ಬೇಗ ಹೋಗಿ ನಿಲ್ಲುವುದು ಲೇಸು. ನಾನು ಮೆಟ್ಟಿಲು ಹತ್ತಿ ಹೊರಬಂದಾಗ ಹತ್ತರ ಸೆಟ್ಟಿನವರು ಕೋಟಿನ ಕಾಲರ್ ಎತ್ತಿಕೊಂಡು ಸಾಲುಗಟ್ಟಿ ನಿಂತಿದ್ದರು. ಇನ್ನೊಂದು ಟಿಕೆಟ್ ಕೊಂಡಿರಬೇಕಿತ್ತು.